ಫೋನ್ ಖಾಲಿ ಮಾಡಿದ್ದು ಯಾರ ಒಳ್ಳೆಯದಕ್ಕೆ?

ನಮ್ಮ ಕೊಡಗಿನ ಗೋಣಿಕೊಪ್ಪ ಕಡೆಯ ತಾಯಿಯೊಬ್ಬರ ಪತ್ರ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಸಿಟ್ಟು ಆ ತಾಯಿಯ ಮೇಲಲ್ಲ. ಹಾಗಂತ ಅವರಿಗೆ ಪೂರ್ತಿ ಮಾಫಿಯೂ ಇಲ್ಲ.

ವಿಷಯ ಇಷ್ಟು. ಮಗನಿಗೆ 20 ವರ್ಷ. ಹಾಕಿ ಆಟಗಾರ. ಕ್ರೀಡಾ ಕೋಟಾದಲ್ಲಿ ಹೊರ ಜಿಲ್ಲೆಯ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದಾನೆ. ಟೂರ್ನಮೆಂಟ್ ಮುಗಿಸಿ ಹುಡುಗರ ತಂಡ, ಹುಡುಗಿಯರ ತಂಡ ಒಂದೇ ಬಸ್ಸಿನಲ್ಲಿ ರಾತ್ರಿ ವಾಪಸ್ ಬರುತ್ತಿದ್ದವು. ನಿದ್ದೆಯಲ್ಲಿದ್ದಾಗ ಇವನು ತನ್ನ ಮೈಮೇಲೆ ಕೈ ಹಾಕಿದ, ಆಮೇಲೆ ತಾನು ಮಲಗಿದ್ದ ಫೋಟೋ ಹುಡುಗರ ವಾಟ್ಸ್ಆ್ಯಪ್ ಗ್ರೂಪಿಗೆ ಹೋಯಿತು ಎಂದು ಹುಡುಗಿಯೊಬ್ಬಳು ಲೈಂಗಿಕ ಕಿರುಕುಳದ ದೂರು ವಿಚಾರಿಸುವ ವಿಶ್ವವಿದ್ಯಾಲಯದ ಆಂತರಿಕ ಸಮಿತಿಗೆ ದೂರು ಕೊಟ್ಟಿದ್ದಾಳೆ. ಅವಳೂ ನಮ್ಮ ಜಿಲ್ಲೆಯವಳೇ. ದೂರಿನ ಪ್ರತಿ ಮಗನ ಕೈಸೇರಿದೆ. ಅವನು 'ನಾನೇನೂ ಮಾಡಿಲ್ಲ' ಎನ್ನುತ್ತಾನೆ. ಕೋಚ್ ಮಾತ್ರ 'ಸದ್ಯಕ್ಕೆ ಅಂತರ ವಿಶ್ವವಿದ್ಯಾಲಯ ಕ್ಯಾಂಪಿಗೆ ಬರಬೇಡ, ಸಮಿತಿಗೆ ಉತ್ತರವನ್ನೂ ಬರೆಯಬೇಡ, ನಾನು ಮಾತಾಡಿ ಮುಗಿಸುತ್ತೇನೆ' ಎಂದಿದ್ದಾರೆ. ತಾಯಿಯ ಅಣ್ಣ, ಅಂದರೆ ಹುಡುಗನ ಸೋದರಮಾವ, ನಿವೃತ್ತ ಸುಬೇದಾರ್, ಜೀಪು ಹತ್ತಿಕೊಂಡು ಹುಡುಗಿಯ ಮನೆಗೆ ಹೋಗಲು ತಯಾರಾಗಿ ಕೂತಿದ್ದಾರೆ. 'ಅವರ ಒಕ್ಕದ ಪಟ್ಟೆದಾರರು (ಮನೆತನದ ಹಿರಿಯರು) ನನಗೆ ಚೆನ್ನಾಗಿ ಪರಿಚಯ' ಅಂತ ಧೈರ್ಯ ಬೇರೆ.

ತಾಯಿಯ ಪ್ರಶ್ನೆ: ವಿಚಾರಣೆಯೇ ಆಗದೆ ಮಗನನ್ನು ಕ್ಯಾಂಪಿನಿಂದ ಹೊರಗಿಟ್ಟರಲ್ಲ, ಇದು ಯಾವ ನ್ಯಾಯ?

ಒಳ್ಳೆಯ ಪ್ರಶ್ನೆ ಅಕ್ಕ. ಅದಕ್ಕೆ ಬರುತ್ತೇನೆ. ಆದರೆ ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಹಾಸ್ಟೆಲ್ ಊಟ ಸೇರದೆ ಮಗ ಸೊರಗಿದ್ದಾನೆ ಅನ್ನುವುದಕ್ಕೂ ನಿಮ್ಮ ಬಿಪಿ ಮಾತ್ರೆಗೂ ನಡುವೆ ಒಂದು ಸಾಲು ಇದೆ. 'ಕೋಚ್ ಸರ್ ಒಳ್ಳೆಯದಕ್ಕೇ ಅವನ ಫೋನ್ ಈಸಿಕೊಂಡು ಅವರೇ ಅಡ್ಮಿನ್ ಆಗಿದ್ದ ಟೀಮ್ ಗ್ರೂಪನ್ನು ಪೂರ್ತಿ ಅಳಿಸಿ ಕೊಟ್ಟಿದ್ದಾರೆ.' ಅಷ್ಟೇ ಬರೆದು ನೀವು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಹೋಗಲು ಆಗಲಿಲ್ಲ.

ಸ್ವಲ್ಪ ಯೋಚನೆ ಮಾಡಿ. ಆ ಗ್ರೂಪಿನ ಅಡ್ಮಿನ್ ಯಾರು? ಕೋಚ್. ಹುಡುಗಿಯ ಫೋಟೋ ಬಿದ್ದದ್ದು ಅದೇ ಗ್ರೂಪಿಗಾದರೆ, ಅದರ ಕೆಳಗೆ ಹುಡುಗರು ನಕ್ಕಿದ್ದರೆ, ಅದೆಲ್ಲ ಯಾರ ಕಣ್ಣೆದುರು ನಡೆಯಿತು? ಅದನ್ನು ನೋಡಿಯೂ ಒಬ್ಬ ದೊಡ್ಡ ಮನುಷ್ಯ 'ಏನ್ರೋ ಇದು' ಅಂತ ಒಂದು ಮಾತು ಹಾಕದೆ ಸುಮ್ಮನಿದ್ದರೆ, ಮೊದಲು ಅಳಿಸಬೇಕಾದ ಅಗತ್ಯ ಯಾರಿಗಿತ್ತು? ನಿಮ್ಮ ಮಗನಿಗೋ, ಅವರಿಗೋ? ಈ ಅಂಕಣ ಓದುವವರಿಗೆ ಗೊತ್ತು, 'ಒಳ್ಳೆಯದಕ್ಕೇ ಮಾಡಿದೆ' ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಾರ ಒಳ್ಳೆಯದಕ್ಕೆ ಅನ್ನುವುದನ್ನು ಅವರು ಯಾವತ್ತೂ ಹೇಳುವುದಿಲ್ಲ.

ಇನ್ನೂ ಒಂದು. ನಿಮ್ಮ ಮಗನ ಫೋನಿನಲ್ಲಿ ಅಳಿಸಿದ ಮಾತ್ರಕ್ಕೆ ಗ್ರೂಪಿನಲ್ಲಿದ್ದ ಉಳಿದ ಹುಡುಗರ ಫೋನಿನಿಂದ ಅದು ಹೋಗುವುದಿಲ್ಲ. ಯಾರೋ ಒಬ್ಬ ಸ್ಕ್ರೀನ್‌ಶಾಟ್ ತೆಗೆದಿಟ್ಟಿರುತ್ತಾನೆ. ಹುಡುಗಿಗೆ ಫೋಟೋ ವಿಷಯ ತಿಳಿದದ್ದಾದರೂ ಹೇಗೆ ಅಂದುಕೊಂಡಿರಿ? ನಾಳೆ ಸಮಿತಿ ಮುಂದೆ ಎಲ್ಲರ ಫೋನಿನಲ್ಲೂ ಇರುವ ಗ್ರೂಪು ನಿಮ್ಮ ಮಗನ ಫೋನಿನಲ್ಲಿ ಮಾತ್ರ ಇಲ್ಲ ಅಂತಾದರೆ, ಅವನು ನಿಜಕ್ಕೂ ಏನೂ ಮಾಡಿರದಿದ್ದರೂ ನಂಬುವವರು ಯಾರು? ಫೋಟೋ ಹಾಕಿದ್ದು ಬೇರೆ ಹುಡುಗ, ಇವನು ಆಗ ಬಸ್ಸಿನ ಮುಂದಿನ ಸೀಟಿನಲ್ಲಿದ್ದ ಅಂತ ತೋರಿಸಲು ಏನಾದರೂ ಇದ್ದಿದ್ದರೆ ಅದೂ ಅದೇ ಗ್ರೂಪಿನ ಜೊತೆ ಹೋಯಿತು. ಅವನ ಕೈಯಲ್ಲಿದ್ದ ಸಾಕ್ಷಿಯನ್ನು ಅವನ ಕೋಚೇ ತೆಗೆದರು.

ಈಗ ನಿಮ್ಮ ಪ್ರಶ್ನೆ. ವಿಶ್ವವಿದ್ಯಾಲಯಗಳು ಇಂಥ ದೂರನ್ನು ಹೇಗೆ ನಡೆಸಬೇಕು ಅನ್ನುವುದಕ್ಕೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ, ಅದರ ಮೇಲೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮಾವಳಿ ಇದೆ. ದೂರು ಬಂದ 7 ದಿನದೊಳಗೆ ಅದರ ಪ್ರತಿ ಆರೋಪಿಗೆ ಸಿಗಬೇಕು. ಕೈಸೇರಿದ ಮೇಲೆ 10 ದಿನದೊಳಗೆ ಅವನು ತನ್ನ ಉತ್ತರ, ದಾಖಲೆಗಳು, ಸಾಕ್ಷಿಗಳ ಹೆಸರು ಕೊಡಬೇಕು. 90 ದಿನದೊಳಗೆ ವಿಚಾರಣೆ ಮುಗಿಯಬೇಕು. ವರದಿ ಇಬ್ಬರಿಗೂ ಸಿಗುತ್ತದೆ, ಒಪ್ಪದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕುಲಪತಿ, ಕುಲಸಚಿವರು, ವಿಭಾಗದ ಮುಖ್ಯಸ್ಥರು, ಇಂಥವರು ಯಾರೂ ಸಮಿತಿಯಲ್ಲಿ ಇರುವಂತಿಲ್ಲ. ವಿದ್ಯಾರ್ಥಿಗಳ ಪ್ರಕರಣವಾದರೆ ಮೂವರು ವಿದ್ಯಾರ್ಥಿಗಳೂ ಸಮಿತಿಯಲ್ಲಿರಬೇಕು. ಇದೆಲ್ಲ ಹುಡುಗಿಗೆ ಎಷ್ಟು ರಕ್ಷಣೆಯೋ ನಿಮ್ಮ ಮಗನಿಗೂ ಅಷ್ಟೇ. ಇದರಲ್ಲಿ ಕೋಚ್ ಅನ್ನುವ ಪಾತ್ರ ಎಲ್ಲಿದೆ? ಎಲ್ಲೂ ಇಲ್ಲ.

ವಿಚಾರಣೆ ನಡೆಯುವಾಗ ಇಬ್ಬರನ್ನೂ ದೂರ ಇಡುವ ತಾತ್ಕಾಲಿಕ ಕ್ರಮಕ್ಕೆ ಅವಕಾಶ ಇದೆ. ಅದು ಶಿಕ್ಷೆ ಅಲ್ಲ. ಅವಳು ಅಭ್ಯಾಸಕ್ಕೆ ಬಂದಾಗ ಇವನ ಮುಖ ನೋಡಬೇಕಾಗಿ ಬರಬಾರದು ಅನ್ನುವುದು ನ್ಯಾಯವಾದ ಮಾತೇ. ಆದರೆ ಅಂಥ ಕ್ರಮ ಬರಬೇಕಾದದ್ದು ಸಮಿತಿಯ ಶಿಫಾರಸಿನ ಮೇಲೆ, ಲಿಖಿತವಾಗಿ. ಕೋಚ್ ಮೈದಾನದಂಚಿನಲ್ಲಿ ನಿಂತು 'ಬರಬೇಡ' ಅಂದರೆ ಅದು ಆದೇಶ ಆಗುವುದಿಲ್ಲ. ಹಾಗಾಗಿ ಕ್ಯಾಂಪಿನಿಂದ ಹೊರಗಿಟ್ಟ ಆದೇಶದ ಪ್ರತಿ ಕೊಡಿ ಅಂತ ಕೇಳುವ ಹಕ್ಕು ನಿಮ್ಮ ಮಗನಿಗಿದೆ. ಆಟಗಾರನಿಗೆ 90 ದಿನ ಅಂದರೆ ಒಂದು ಸೀಸನ್ನೇ ಮುಗಿದಂತೆ. ಅದು ನನಗೂ ಅರ್ಥವಾಗುತ್ತದೆ. ಸೀಸನ್ ಉಳಿಯಬೇಕು ಅಂದರೆ ವಿಚಾರಣೆ ಬೇಗ ನಡೆಯಬೇಕು, ವಿಚಾರಣೆ ಬೇಗ ನಡೆಯಬೇಕು ಅಂದರೆ ಉತ್ತರ ಹೋಗಬೇಕು. 'ಉತ್ತರ ಬರೆಯಬೇಡ' ಅಂದವರು ನಿಮ್ಮ ಮಗನ ಸೀಸನ್ ತಿನ್ನುತ್ತಿದ್ದಾರೆ.

ಬೇಗ ಅಂದರೆ ಗಡಿಬಿಡಿ ಅಲ್ಲ. ಗೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಮೇಲೆ 2009ರಲ್ಲಿ ಲೈಂಗಿಕ ಕಿರುಕುಳದ ದೂರು ಬಂತು. ಸಮಿತಿ ಅವಸರವಸರವಾಗಿ ವಿಚಾರಣೆ ಮುಗಿಸಿತು, ಕೆಲಸ ಹೋಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅವರಿಗೆ ತಮ್ಮ ಮಾತು ಹೇಳಲು ಸರಿಯಾದ ಅವಕಾಶ ಕೊಟ್ಟಿಲ್ಲ ಅಂತ ಆ ವಜಾವನ್ನು ರದ್ದು ಮಾಡಿ ಸಮಿತಿಗೇ ವಾಪಸ್ ಕಳಿಸಿತು. 14 ವರ್ಷ ಆದ ಮೇಲೆ! ಇದರಲ್ಲಿ ಆರೋಪಿಯೊಬ್ಬನೇ ಸೋತದ್ದಾ? ದೂರು ಕೊಟ್ಟ ಹುಡುಗಿಯರ ಗತಿ ಏನಾಯಿತು ಯೋಚಿಸಿ. ಅದೇ ತೀರ್ಪಿನಲ್ಲಿ ಕೋರ್ಟ್ ಆಗಿನ ಪತ್ರಿಕಾ ವರದಿಯೊಂದನ್ನೂ ಎತ್ತಿಕೊಂಡಿತು: 30 ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಲ್ಲಿ 16ರಲ್ಲಿ ಆಂತರಿಕ ಸಮಿತಿಯೇ ರಚನೆಯಾಗಿಲ್ಲ ಅಂತ. ಕುಸ್ತಿಪಟು ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದ ಸಮಯ ಅದು.

ಒಳಗಿನವರೇ ಮಾತಾಡಿ ಮುಗಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಇದೆ. ಅಲ್ಲಿನ ಕ್ರೀಡಾ ವೈದ್ಯ ಲ್ಯಾರಿ ನಾಸರ್ ಮೇಲೆ 2014ರಲ್ಲೇ ಲೈಂಗಿಕ ದೌರ್ಜನ್ಯದ ದೂರು ಬಂದಿತ್ತು. ವಿಶ್ವವಿದ್ಯಾಲಯ ಅಭಿಪ್ರಾಯ ಕೇಳಿದ್ದು ಅವನ ಪರಿಚಯದ, ಅದೇ ಸಂಸ್ಥೆಯ ವೈದ್ಯಕೀಯದವರನ್ನೇ. ಅವರು 'ಇದು ಚಿಕಿತ್ಸೆ' ಅಂದರು, ಅವನು ಕೆಲಸಕ್ಕೆ ಮರಳಿದ, ಇನ್ನಷ್ಟು ಹುಡುಗಿಯರು ಅವನ ಕೈಗೆ ಸಿಕ್ಕಿದರು. 2018ರಲ್ಲಿ ಅವನಿಗೆ ಜೀವನಪೂರ್ತಿ ಜೈಲು ಅನ್ನುವಷ್ಟು ಶಿಕ್ಷೆ ಆಯಿತು, ವಿಶ್ವವಿದ್ಯಾಲಯ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ನಿಮ್ಮ ಮಗನನ್ನು ಅವನ ಪಕ್ಕ ನಿಲ್ಲಿಸುತ್ತಿಲ್ಲ, ಬೇಜಾರಾಗಬೇಡಿ. ನಾನು ಹೇಳುತ್ತಿರುವುದು 'ನಾವು ನಾವೇ ನೋಡಿಕೊಳ್ಳೋಣ' ಅನ್ನುವ ಬಳಗದ ಬಗ್ಗೆ.

ಇನ್ನು ಸುಬೇದಾರ್ ಮಾವ. ಅಕ್ಕ, ದಯವಿಟ್ಟು ಆ ಜೀಪಿನ ಕೀ ತೆಗೆದಿಟ್ಟುಕೊಳ್ಳಿ. 'ಬಸ್ಸಿನಲ್ಲಿ ಆದದ್ದಕ್ಕೂ ಕಾಲೇಜಿಗೂ ಏನು ಸಂಬಂಧ' ಅಂತ ಅವರು ಕೇಳುತ್ತಿದ್ದಾರಂತೆ. ಸಂಬಂಧ ಇದೆ. ಯುಜಿಸಿ ನಿಯಮದಲ್ಲಿ ಕ್ಯಾಂಪಸ್ ಅಂದರೆ ಕಾಂಪೌಂಡ್ ಒಳಗೆ ಮಾತ್ರ ಅಲ್ಲ. ಸಂಸ್ಥೆ ಕೊಡುವ ವಾಹನ, ಶಿಬಿರ, ಕ್ರೀಡಾಕೂಟ ಎಲ್ಲವೂ ಅದರೊಳಗೇ ಬರುತ್ತವೆ. 'ಮಡಿಕೇರಿಯಿಂದ ಒಳ್ಳೆ ವಕೀಲರನ್ನು ಕರೆದುಕೊಂಡು ಹೋಗುತ್ತೇನೆ' ಅನ್ನುತ್ತಿದ್ದಾರೆ. ಸಮಿತಿ ಮುಂದೆ ಯಾರ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ, ಆ ಕಾಯ್ದೆಯ ನಿಯಮವೇ ಹಾಗಿದೆ. ಮನೆಯಲ್ಲಿ ಕೂತು ಸಲಹೆ ಕೇಳಬಹುದು, ಕೇಳಬೇಕು ಕೂಡ, ಯಾಕೆಂದರೆ ಪೊಲೀಸ್ ದೂರು ಬೇರೆ ದಾರಿ, ಅವಳು ಅಲ್ಲಿಗೂ ಹೋಗಬಹುದು. 'ಸುಳ್ಳು ದೂರು ಅಂತ ತಿರುಗಿ ಕೇಸ್ ಹಾಕೋಣ' ಅನ್ನುತ್ತಾರೆ. ದೂರು ಸಾಬೀತಾಗದ ಮಾತ್ರಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ ಅಂತ ಕಾಯ್ದೆಯೇ ಹೇಳಿದೆ.

ಮಾವನ ದೊಡ್ಡ ಯೋಜನೆ ರಾಜಿ. ರಾಜಿಗೆ ದಾರಿ ಇದೆ, ಆದರೆ ಅದನ್ನು ಕೇಳಬೇಕಾದವಳು ಅವಳು. ನೀವಲ್ಲ. ನಡೆಸಬೇಕಾದದ್ದು ಸಮಿತಿ, ಪಟ್ಟೆದಾರರಲ್ಲ. ದುಡ್ಡಿನ ಮೇಲೆ ರಾಜಿ ಆಗುವಂತೆಯೇ ಇಲ್ಲ. ಇಬ್ಬರ ಹೆಸರೂ ಗುಟ್ಟಾಗಿರಬೇಕು ಅನ್ನುವುದೂ ನಿಯಮ. ನಮ್ಮ ಜಿಲ್ಲೆಯಲ್ಲಿ ಒಂದು ಜೀಪು ಯಾರ ಮನೆ ಅಂಗಳದಲ್ಲಿ ನಿಂತಿತು ಅನ್ನುವುದು ಸಂಜೆಯೊಳಗೆ ಸಂತೆಗೆ ಗೊತ್ತಾಗುತ್ತದೆ. ಮಾವ ಒಂದು ಸಲ ಹೋಗಿ ಬಂದರೆ ಆ ಹುಡುಗಿಯ ಹೆಸರೂ ಬೀದಿಗೆ, ನಿಮ್ಮ ಮಗನ ಹೆಸರೂ ಬೀದಿಗೆ. ಮೇಲಾಗಿ ಅದು ದೂರುದಾರಳ ಮೇಲೆ ಒತ್ತಡ ಹಾಕಿದ್ದು ಅಂತ ಸಮಿತಿಯ ಕಡತ ಸೇರುತ್ತದೆ.

ಹುಡುಗಿ ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟಿದ್ದಾಳೆ, 'ಆದ್ದರಿಂದ ತಣ್ಣಗಾಗಬಹುದು' ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಸಂಕಟ ಆಯಿತು. ಹಾಕಿ ನಿಮ್ಮ ಮಗನಿಗೆ ಎಷ್ಟೋ ಅವಳಿಗೂ ಅಷ್ಟೇ ಅಲ್ವಾ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೌಟುಂಬಿಕ ಹಾಕಿ ಶುರು ಮಾಡಿದಾಗಿನಿಂದ ನಮ್ಮಲ್ಲಿ ಅಜ್ಜ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಆಡಿಕೊಂಡು ಬಂದಿದ್ದಾರೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಇಳಿದಾಗ ಗಿನ್ನೆಸ್ ದಾಖಲೆ ಅಂತ ನಾವೆಲ್ಲ ಎದೆ ಉಬ್ಬಿಸಿದ್ದೇವೆ. ಹೆಣ್ಣುಮಕ್ಕಳನ್ನೂ ಆಡಿಸುತ್ತೇವೆ ಅಂತ ಊರಿಗೆಲ್ಲ ಹೇಳಿಕೊಳ್ಳುವ ನಾವು, ಅವಳೊಬ್ಬಳು ಸ್ಟಿಕ್ ಮೂಲೆಗಿಟ್ಟು ಮನೆಯಲ್ಲಿ ಕೂತರೆ ತಣ್ಣಗಾಯಿತು ಅನ್ನುತ್ತೇವೆ. ಅವಳು ಹೇಳಿದ್ದೆಲ್ಲ ನಿಜ ಅಂತ ನಾನು ತೀರ್ಪು ಕೊಡುತ್ತಿಲ್ಲ. ಅದು ಸಮಿತಿಯ ಕೆಲಸ. ಆದರೆ ನಿಮ್ಮ ಪತ್ರದಲ್ಲಿ ಕೋಚ್‌ಗೆ ಒಂದು ಪುಟ, ಮಾವನಿಗೆ ಅರ್ಧ ಪುಟ, ಅವಳಿಗೆ ಒಂದೂವರೆ ಸಾಲು.

ಮಗನನ್ನು ನೀವು ಎದುರು ಕೂರಿಸಿ ಆ ರಾತ್ರಿ ಏನಾಯಿತು ಅಂತ ಮೊದಲಿನಿಂದ ಕೊನೆವರೆಗೆ ಕೇಳಿದ್ದೀರಾ? ಪತ್ರದಲ್ಲಿ ಕಾಣಲಿಲ್ಲ. 'ಏನೂ ಮಾಡಿಲ್ಲ' ಅನ್ನುವುದು ಉತ್ತರ ಅಲ್ಲ. ಯಾವ ಸೀಟು, ಪಕ್ಕ ಯಾರು, ಬಸ್ ಎಲ್ಲಿ ನಿಂತಿತ್ತು, ಫೋಟೋ ತೆಗೆದವರು ಯಾರು, ಇವನು ನೋಡಿ ನಕ್ಕನಾ, ಸುಮ್ನೆ ಇದ್ದನಾ. ಕೇಳಲು ಕಷ್ಟ ಅಂತ ಗೊತ್ತು. ಆದರೂ ಕೇಳಿ, ಮಧ್ಯೆ ಬಾಯಿ ಹಾಕಬೇಡಿ, ಉತ್ತರವನ್ನು ನೀವೇ ಅವನ ಬಾಯಿಗೆ ಇಡಬೇಡಿ. ಗಂಡುಮಕ್ಕಳ ಜರ್ಸಿ ಒಗೆದು ಕೊಡುವ ತಾಯಂದಿರು ಅವರ ಪತ್ರವನ್ನೂ ತಾವೇ ಬರೆದು ಕೊಡಲು ಹೊರಡುತ್ತಾರೆ. ಇದನ್ನು ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ನಾನು ಹೇಳುವುದು ಒಂದೇ. ದೂರಿನ ಪ್ರತಿ ಸಿಕ್ಕ ದಿನದಿಂದ ಹತ್ತು ದಿನ ಎಣಿಸಿ, ಆ ಗಡುವು ಮುಗಿಯುವ ಮೊದಲು ನಿಮ್ಮ ಮಗ ತನ್ನ ಕೈಯಾರೆ ಉತ್ತರ ಬರೆಯಲಿ. ಕೋಚ್ ಫೋನ್ ತೆಗೆದುಕೊಂಡ ದಿನ, ಜಾಗ, ಏನು ಅಳಿಸಿದರು, ಆಗ ಪಕ್ಕದಲ್ಲಿ ಯಾರಿದ್ದರು ಅನ್ನುವುದು ಮೊದಲನೇ ಪ್ಯಾರಾದಲ್ಲೇ ಇರಲಿ. ಕ್ಯಾಂಪಿನಿಂದ ಹೊರಗಿಟ್ಟ ಲಿಖಿತ ಆದೇಶ ಇದ್ದರೆ ಕೊಡಿ ಎಂದು ಅದರಲ್ಲೇ ಕೇಳಲಿ. ಸಹಿ ಹಾಕುವ ಮೊದಲು ವಕೀಲರಿಗೆ ಒಮ್ಮೆ ತೋರಿಸಿ, ಆದರೆ ಒಂದು ಸುಳ್ಳನ್ನೂ ಸೇರಿಸಬೇಡಿ. ಆ ಫೋನನ್ನು ಇನ್ನು ಮುಂದೆ ಯಾರ ಕೈಗೂ ಕೊಡುವುದು ಬೇಡ, ರಿಪೇರಿಗೂ ಬೇಡ. ಉತ್ತರವನ್ನು ಕೋಚ್ ಮೂಲಕ ಕಳಿಸದೆ ಸಮಿತಿಯ ಅಧ್ಯಕ್ಷರಿಗೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಂಡು ಬರಲಿ.