ಬೆಂಗಳೂರಿನ ಕೆರೆ ಸರ್ಕಾರಿ ಜಾಗ ಅಲ್ವಾ, ಅಲ್ಲಿ ನೀರುಕೋಳಿ ಹಿಡಿದರೆ ತಪ್ಪೇನು?

ತಪ್ಪು, ಅಪರಾಧವೂ ಹೌದು. ಜಾಗ ಯಾರದ್ದು ಅನ್ನೋದು ಇಲ್ಲಿ ಮುಖ್ಯವೇ ಅಲ್ಲ. ನಿಮ್ಮ ಸ್ವಂತ ತೋಟಕ್ಕೆ ಬಂದು ಕೂತ ಬೆಳ್ಳಕ್ಕಿಯನ್ನೂ ನೀವು ಹೊಡೆಯುವಂತಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ನಮ್ಮ ಕೆರೆಗಳ ಬಹುಪಾಲು ಹಕ್ಕಿಗಳು ಅದರ ಪಟ್ಟಿಯಲ್ಲಿವೆ. ಬೇಟೆ ಅಂದ್ರೆ ಕೋವಿಯಿಂದ ಹೊಡೆಯೋದು ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬಲೆ ಬೀಸುವುದು, ಉರುಳು ಕಟ್ಟುವುದು, ವಿಷ ಇಡುವುದು, ಗೂಡು ಕೆಡಿಸುವುದು, ಮೊಟ್ಟೆ ಒಡೆಯುವುದು ಎಲ್ಲವೂ ಬೇಟೆಯೇ. ಹಕ್ಕಿ ಸಿಗದೆ ಹೋದರೂ ಪ್ರಯತ್ನ ಮಾಡಿದ್ದೇ ಸಾಕು, ಕೇಸು ಆಗುತ್ತೆ. ಸಾಮಾನ್ಯವಾಗಿ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಟ್ಟಿರುವ ಮೊದಲ ಪಟ್ಟಿಯ ಪ್ರಾಣಿ ಅಥವಾ ಹಕ್ಕಿಯಾದರೆ ಶಿಕ್ಷೆ ಇನ್ನೂ ಜಾಸ್ತಿ.

ಯಲಹಂಕದ ಪುಟ್ಟೇನಹಳ್ಳಿ ಕೆರೆಯಂತೂ ಹಕ್ಕಿಗಳ ಸಂರಕ್ಷಣಾ ಮೀಸಲು ಪ್ರದೇಶ. ಅಲ್ಲಿ ಬಣ್ಣದ ಕೊಕ್ಕರೆಗಳು ಕೂತಿರೋದನ್ನು ಒಮ್ಮೆ ನೋಡಿ ಬನ್ನಿ.

ಮೀನಿನ ಲೆಕ್ಕ ಬೇರೆ, ಅದಕ್ಕೆ ಮೀನುಗಾರಿಕೆಯ ಗುತ್ತಿಗೆ ಅಥವಾ ಪರವಾನಗಿ ಬೇಕು.

ಕೆರೆ ದಡದಲ್ಲಿ ಉರುಳು ಕಂಡರೆ ಫೋಟೋ ತೆಗೆದು, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಇಟ್ಟವರ ಜತೆ ಒಬ್ಬರೇ ಜಗಳಕ್ಕೆ ನಿಲ್ಲಬೇಡಿ.