ಎತ್ತಿನ ಮೊಣಕಾಲು ಎಲ್ಲಿದೆ?

ಬೀದರ್ ಜಿಲ್ಲೆಯ ಔರಾದ್ ಕಡೆಯಿಂದ ಬರೆದ ಓದುಗರಿಗೆ ನಮಸ್ಕಾರ. ನಿಮ್ಮ ದೇವಣಿ ತಳಿಯ ಎತ್ತು ಏಳುವುದನ್ನು ನೋಡಿ ಆರನೇ ಕ್ಲಾಸಿನ ಮಗಳು, "ಅಪ್ಪಾ, ಇದರ ಹಿಂದಿನ ಮೊಣಕಾಲು ಉಲ್ಟಾ ಯಾಕ್ ಮಡಚ್ತದ?" ಅಂತ ಕೇಳಿದಳಂತೆ. ನಿಮಗೆ ಉತ್ತರ ಹೊಳೆಯಲಿಲ್ಲ ಅಂತ ಬರೆದಿದ್ದೀರಿ. ಪತ್ರ ಓದಿ ಬಹಳ ಖುಷಿಯಾಯಿತು.

ಅದು ಮೊಣಕಾಲೇ ಅಲ್ಲ, ಹಿಮ್ಮಡಿ! ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಪಕ್ಕದಲ್ಲಿದೆ. ಅದು ನಮ್ಮದರ ಹಾಗೇ ಮಡಚುತ್ತದೆ. ಎತ್ತು ನಡೆಯುವುದು ಬೆರಳ ತುದಿಯ ಮೇಲೆ. ಸೀಳು ಗೊರಸಿನ ಎರಡು ಭಾಗ ಅಂದರೆ ಮೂರನೇ ಮತ್ತು ನಾಲ್ಕನೇ ಬೆರಳು. ಮುಂಗಾಲಿನಲ್ಲಿ ನಾವು ಮೊಣಕಾಲು ಅನ್ನುವುದು ನಮ್ಮ ಕೈಯ ಮಣಿಕಟ್ಟು.

ಸ್ನಾಯು ಎಳೆಯುತ್ತದೆ, ತಳ್ಳಲಾರದು. ಒಂದು ಸ್ನಾಯು ಕಾಲನ್ನು ಮಡಚಿದರೆ, ಚಾಚಲು ಇನ್ನೊಂದು ಸ್ನಾಯು ಬೇಕು. ಎತ್ತಿನ ಕಾಲಿನ ದಪ್ಪ ಸ್ನಾಯುಗಳು ಹೆಚ್ಚಾಗಿ ಮೇಲೆ ತೊಡೆ, ಹೆಗಲಲ್ಲೇ ಇವೆ. ಕೆಳಗೆ ಬರೀ ಎಲುಬು ಮತ್ತು ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಕಾಲಿನ ತುದಿ ಹಗುರವಾದಷ್ಟೂ ಬೀಸಿ ಇಡಲು ಶ್ರಮ ಕಡಿಮೆ. ಸಾಧು ಎತ್ತಾದರೆ ಪಕ್ಕದಲ್ಲಿ ನಿಂತು ಹಿಮ್ಮಡಿಯ ಮೇಲ್ಗಡೆ ಹಿಂಬದಿ ಮುಟ್ಟಿ ನೋಡಿ. ಮಿಣಿಯಂಥ ಬಿಗಿ ಹುರಿ ಬೆರಳಿಗೆ ಸಿಗುತ್ತದೆ.

ನನಗೆ ಅತಿ ಇಷ್ಟ ಹೆಗಲಿನ ಕಥೆ. ಎತ್ತಿಗೆ ನಮ್ಮ ಹಾಗೆ ಕಾಲರ್ ಬೋನ್, ಅಂದರೆ ಕತ್ತಿನ ಬುಡದ ಅಡ್ಡ ಎಲುಬು, ಇಲ್ಲ. ಮುಂಗಾಲಿಗೂ ಎದೆಗೂಡಿಗೂ ನಡುವೆ ಎಲುಬಿನ ಕೀಲೇ ಇಲ್ಲ! ಎರಡು ಮುಂಗಾಲುಗಳ ನಡುವೆ ಎದೆಗೂಡು ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ಮೈಭಾರದ ಅರ್ಧಕ್ಕಿಂತ ಜಾಸ್ತಿ ಬೀಳುವುದು ಇದೇ ಮುಂಗಾಲುಗಳ ಮೇಲೆ. ಚಿಕ್ಕವನಿದ್ದಾಗ ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಹೊಡೆದುಕೊಂಡು ಬರುವಾಗ ಹೆಗಲ ಮೇಲೆ ಕೈ ಇಟ್ಟಿರುತ್ತಿದ್ದೆ. ಒದ್ದೆ ಚರ್ಮದಡಿ ಅಗಲವಾದ ಎಲುಬು ಹೆಜ್ಜೆಗೊಮ್ಮೆ ಹಿಂದೆ ಮುಂದೆ ಜಾರುತ್ತಿತ್ತು. ಯಾಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಎಲುಬಿಗೆ ಎಲುಬನ್ನು ಕಟ್ಟುವುದು ಲಿಗಮೆಂಟ್. ಕತ್ತಿನ ಮೇಲ್ಭಾಗದಲ್ಲಿ ರಬ್ಬರಿನಂತೆ ಹಿಗ್ಗುವ ಒಂದು ಲಿಗಮೆಂಟ್ ಇದೆ. ಮೇಯಲು ತಲೆ ಬಗ್ಗಿಸಿದಾಗ ಹಿಗ್ಗಿ, ಎತ್ತುವಾಗ ತಾನೇ ಎಳೆದು ಸ್ನಾಯುಗಳ ಕೆಲಸ ಹಗುರ ಮಾಡುತ್ತದೆ. ಹೊತ್ತುಗಟ್ಟಲೆ ಮೇಯ್ದರೂ ಕತ್ತು ಸೋಲುವುದಿಲ್ಲ, ಅಲ್ವಾ?

ಬೀದರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಮೊದಲೇ ಕೇಳಿಕೊಂಡು ಹೋದರೆ ಮಗಳು ಎಲುಬುಗಳನ್ನು ಕಣ್ಣಾರೆ ನೋಡಬಹುದು.

ಇನ್ನು ಏಳುವ ವಿಷಯ. ನಾಳೆ ಬೆಳಿಗ್ಗೆ ಇಬ್ಬರೂ ಗಮನಿಸಿ. ಎತ್ತು ಮೊದಲು ಮಣಿಕಟ್ಟಿನ ಮೇಲೆ ಊರಿ ತಲೆಯನ್ನು ಮುಂದಕ್ಕೆ ಚಾಚುತ್ತದೆ. ಭಾರ ಮುಂದೆ ಬಂದಾಗ ಹಿಂಭಾಗ ಮೇಲೇಳುತ್ತದೆ, ಆಮೇಲೆ ಮುಂಗಾಲು. ಹಾಗಾಗಿ ಗ್ವಾದಲಿಗೆ ತೀರಾ ಬಿಗಿಯಾಗಿ ಕಟ್ಟಬೇಡಿ. ತಲೆ ಚಾಚಲು ಮುಂದೆ ಜಾಗ ಬಿಡಿ.