ಗೆಳೆಯರನ್ನು ಬಿಡಿಸಿದರೆ ಸಾಕಾ?

ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬರು ತಾಯಿ ಪತ್ರ ಬರೆದಿದ್ದಾರೆ. ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಓದುವ ಮಗನ ಪ್ಯಾಂಟ್ ಒಗೆಯುವಾಗ ಜೇಬಿನಲ್ಲಿ ಸುತ್ತಿ ಸೇದುವ ತೆಳು ಕಾಗದ, ಕಣ್ಣಿಗೆ ಬಿಡುವ ಮದ್ದಿನ ಸಣ್ಣ ಬಾಟ್ಲಿ ಸಿಕ್ಕಿತಂತೆ. ಗದರಿಸಿದಾಗ ಗಾಂಜಾ ಅಂತ ಒಪ್ಪಿಕೊಂಡ. "ಎಲ್ಲ ಆ ಗೆಳೆಯರ ಸಹವಾಸ. ಬೆಂಗಳೂರಿಗೆ, ನನ್ನ ತಮ್ಮನ ಮನೆಗೆ ಕಳಿಸಿಬಿಡಲಾ? ಇವರಿಗೆ ಹೇಳಿಲ್ಲ. ರಾತ್ರಿ ಕುಡಿಯಲು ಕೂತರೆ ಇವರ ಕೈಗೆ ಸೋಡಾ ತಂದುಕೊಡುವವನೂ ಅವನೇ" ಅಂತ ಕೇಳಿದ್ದಾರೆ.

ಅಕ್ಕಾ, ಕಳಿಸಬೇಡಿ. ಗಾಂಜಾ ಬೆಂಗಳೂರಿನಲ್ಲೂ ಸಿಗುತ್ತದೆ, ಅಲ್ಲಿ ಅವನ ಮುಖ ನೋಡಿ ಏನೋ ಆಗಿದೆ ಅಂತ ಗುರುತಿಸಲು ನೀವಿರುವುದಿಲ್ಲ.

ಗೆಳೆಯರ ಪ್ರಭಾವ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೊದಲ ಸಲ ಕೈಗೆ ಕೊಡುವವನು ಹೆಚ್ಚಾಗಿ ಗುರುತಿಲ್ಲದ ಮಾರಾಟಗಾರ ಅಲ್ಲ, ದಿನಾ ಜೊತೆಗೆ ಬಸ್ಸಿಗೆ ಕಾಯುವ ಹುಡುಗ. ಅಮೆರಿಕದಲ್ಲಿ 2005ರ ಒಂದು ಅಧ್ಯಯನದಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿ ನೋಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಅಪಾಯಕ್ಕೆ ಕೈಹಾಕಿದ್ದು ತುಂಬಾ ಜಾಸ್ತಿ, ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಡ ಅಂತ ಹೇಳುವ ಧೈರ್ಯ ಮನೆಯಿಂದ ಬರಬೇಕು, ಅಲ್ವಾ? ಅಪ್ಪನಿಗೆ ಸೋಡಾ ತಂದುಕೊಡುತ್ತಾ ಬೆಳೆದ ಹುಡುಗ, ದಿನದ ಬೇಸರ ಕಳೆಯುವುದು ಹೀಗೇ ಅಂತ ಕಲಿತಿರುತ್ತಾನೆ. ಈ ಮಾತು ನಿಮಗೆ ನೋವು ಕೊಡಬಹುದು, ಆದರೂ ಹೇಳಲೇಬೇಕು.

ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ 15-16 ವಯಸ್ಸಿನ ನೂರು ಮಕ್ಕಳಲ್ಲಿ 17 ಮಂದಿ ಗಾಂಜಾ ಸೇದಿ ನೋಡಿದ್ದರು, 2016ಕ್ಕೆ ಅದು 7ಕ್ಕೆ ಇಳಿಯಿತು. ಅಲ್ಲಿ ಮಕ್ಕಳನ್ನು ಸಂಜೆ ಆಟ, ಸಂಗೀತಕ್ಕೆ ಹಚ್ಚಿದರು, ತಂದೆತಾಯಿ ಮಕ್ಕಳ ಜೊತೆ ಜಾಸ್ತಿ ಹೊತ್ತು ಕಳೆದರು, ಮುಖ್ಯವಾಗಿ ತಮ್ಮ ಮಕ್ಕಳ ಗೆಳೆಯರ ಮನೆಯವರನ್ನು ಪರಿಚಯ ಮಾಡಿಕೊಂಡರು. ನಿಮ್ಮ ಮಗನ ಆ ಗೆಳೆಯನ ಅಮ್ಮನಿಗೆ ಫೋನ್ ಮಾಡಿ. ಬೈಯಲು ಅಲ್ಲ. ಅವರೂ ನಿಮ್ಮ ಹಾಗೇ ಒಳಗೊಳಗೇ ಹೆದರಿರಬಹುದು. ಆ ಹುಡುಗ ಮನೆಗೆ ಬಂದರೆ ಊಟಕ್ಕೆ ಕೂರಿಸಿ, ಮಾತಾಡಿಸಿ.

ಪೊಲೀಸ್ ಕೇಸು ಆಗುತ್ತದೆ ಅಂತ ಆಸ್ಪತ್ರೆಗೆ ಹೋಗಲು ಹೆದರಬೇಡಿ. ಸ್ವಂತ ಬಳಕೆಗೆ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡ ವ್ಯಸನಿ ತಾನಾಗಿ ಸರಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಬಂದರೆ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405, ಮೊದಲು ಅಲ್ಲಿಗೆ ಫೋನ್ ಮಾಡಿ.

ಯಜಮಾನರಿಗೆ ರಾತ್ರಿ ಹೇಳಬೇಡಿ. ಬೆಳಿಗ್ಗೆ ಚಾ ಹೊತ್ತಿಗೆ, ಅವರ ತಲೆ ತಿಳಿಯಾಗಿರುವಾಗ ಹೇಳಿ. ಒಬ್ಬರೇ ಹೇಳಲು ಭಯ ಆದರೆ ನಿಮ್ಮ ತಮ್ಮನನ್ನೇ ಊರಿಗೆ ಕರೆಸಿಕೊಳ್ಳಿ.